ನಾಲ್ಕು ಕಂಪ್ಯೂಟರ್ ಇರಲಿ, ತಾಳ ಹಿಡಿಯುವವರು ಒಬ್ಬರೇ ಇರಲಿ

ಶಿರಸಿ ಪೇಟೆಯಿಂದ ಸ್ವಲ್ಪ ಒಳಗೆ, ಅಡಿಕೆ ತೋಟದ ಅಂಚಿನಲ್ಲಿ ನಮ್ಮ ಮನೆ. ಮೆತ್ತಿನ ಮೇಲಿನ ಒಂದು ಕೋಣೆಯೇ ನನ್ನ ಸ್ಟುಡಿಯೊ. ತಾಳಮದ್ದಳೆ, ಭಜನೆ, ಶಾಲೆ ಮಕ್ಕಳ ಹಾಡು, ಹೀಗೆ ಬಂದದ್ದನ್ನು ರೆಕಾರ್ಡ್ ಮಾಡಿಕೊಡುತ್ತೇನೆ. ಮೆಟ್ಟಿಲು ಹತ್ತಿ ಬಂದವರು ಮೊದಲು ಕೇಳುವುದು ಇದನ್ನೇ: "ಒಬ್ಬನಿಗೆ ನಾಲ್ಕು ಕಂಪ್ಯೂಟರ್ ಎಂತಕ್ಕೆ?"

ಶೋಕಿಗಲ್ಲ. ಒಂದೊಂದನ್ನು ಇಟ್ಟುಕೊಳ್ಳಲೂ ಒಂದೊಂದು ಕಾರಣ ಇದೆ. ಹಳೇ ಡೆಸ್ಕ್‌ಟಾಪಿನೊಳಗೆ ಧ್ವನಿ ತೆಗೆದುಕೊಳ್ಳುವ ಎಂಟು ಇನ್‌ಪುಟ್‌ನ ಪಿಸಿಐ ಕಾರ್ಡಿದೆ. ಅದನ್ನು ನಡೆಸುವ ಸಾಫ್ಟ್‌ವೇರ್, ಅಂದರೆ ಡ್ರೈವರ್, ಇರುವುದು ವಿಂಡೋಸ್ ಎಕ್ಸ್‌ಪಿವರೆಗೆ ಮಾತ್ರ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದ್ದು 2014ರ ಏಪ್ರಿಲ್‌ನಲ್ಲಿ. ಹಾಗಾಗಿ ಅದಕ್ಕೆ ಇಂಟರ್ನೆಟ್ ಕೊಟ್ಟಿಲ್ಲ, ಕೊಡುವುದೂ ಇಲ್ಲ. ಎರಡನೆಯದು ಮ್ಯಾಕ್. ಧ್ವನಿ ತಿದ್ದಲು ನನ್ನ ಕೈಗೆ ಒಗ್ಗಿದ 32 ಬಿಟ್ ಪ್ಲಗಿನ್‌ಗಳು ಅದರಲ್ಲಿವೆ. 2019ರ ಕ್ಯಾಟಲಿನಾ ಅನ್ನುವ ಆವೃತ್ತಿಯಿಂದ ಈಚೆಗೆ ಮ್ಯಾಕ್‌ನಲ್ಲಿ 32 ಬಿಟ್ ಸಾಫ್ಟ್‌ವೇರ್ ಓಡುವುದಿಲ್ಲ. ಅದಕ್ಕೇ ಅದರ ಹಿಂದಿನ ಮೊಜಾವೆಯಲ್ಲೇ ನಿಲ್ಲಿಸಿದ್ದೇನೆ, ಅಪ್‌ಡೇಟ್ ಮಾಡು ಅಂತ ಅದು ಎಷ್ಟು ಗೋಗರೆದರೂ. ಮಿಕ್ಸಿಂಗಿಗೆ ಹೊಸ ವಿಂಡೋಸ್ ಲ್ಯಾಪ್‌ಟಾಪ್. ನಾಲ್ಕನೆಯದು ಲಿನಕ್ಸ್ ಹಾಕಿದ ಡಬ್ಬಿ, ಬ್ಯಾಕಪ್ ಇಡುವುದಷ್ಟೇ ಅದರ ಕೆಲಸ.

ನಾಲ್ಕೂ ಬೇರೆ ಬೇರೆ ಕಾಲದವು, ಬೇರೆ ಬೇರೆ ಜಾತಿಯವು. ಜಗಳ ಆಗದೇ ಇರುತ್ತದೆಯೇ? ನನಗೆ ಬುದ್ಧಿ ಬಂದದ್ದು ಒಂದು ತಾಳಮದ್ದಳೆ ರೆಕಾರ್ಡಿಂಗಿನಿಂದ.

ಭಾಗವತರು ಮಾರನೇ ದಿನ ಕೇಳಲು ಬಂದರು. ಮೊದಲ ಪದ್ಯದ ಎರಡು ಸಾಲು ಆಗಿತ್ತು ಅಷ್ಟೇ, ಹೆಡ್‌ಫೋನ್ ತೆಗೆದು ಕೆಳಗಿಟ್ಟರು. "ಎಂತದಾ ತಮಾ ಇದು? ಆನು ಇಷ್ಟು ಮೇಲೆ ಹಾಡಿದ್ನಿಲ್ಲೆ." ಹಾರ್ಮೋನಿಯಂ ತರಿಸಿ ಅದರ ಮನೆ, ಅಂದರೆ ಕೀ, ಹಿಡಿದು ನೋಡಿದೆವು. ಕಪ್ಪು ಒಂದರಲ್ಲಿ ಹಾಡಿದ್ದು ಬಿಳಿ ಎರಡಕ್ಕೂ ಕಪ್ಪು ಎರಡಕ್ಕೂ ನಡುವೆ ಎಲ್ಲೋ ಹೋಗಿ ಕುಳಿತಿತ್ತು. ಅರ್ಥಧಾರಿಗಳೆಲ್ಲ ಬಸ್ಸು ತಪ್ಪಿದವರ ಹಾಗೆ ಮಾತಾಡುತ್ತಿದ್ದರು. ಒಂದು ಗಂಟೆಯ ಪ್ರಸಂಗ 55 ನಿಮಿಷಕ್ಕೇ ಮುಗಿದಿತ್ತು.

ಆದದ್ದು ಇಷ್ಟು. ಡಿಜಿಟಲ್ ರೆಕಾರ್ಡಿಂಗ್ ಅಂದರೆ ಧ್ವನಿಯನ್ನು ಸೆಕೆಂಡಿಗೆ ಸಾವಿರಾರು ಸಲ ಅಳೆದು ಬರೆದಿಡುವುದು. ಸಿಡಿಗೆ ಸೆಕೆಂಡಿಗೆ 44,100 ಸಲ, ವಿಡಿಯೊಗೆ 48,000 ಸಲ. ಯಾವಾಗ ಅಳೆಯಬೇಕು ಅಂತ ಹೇಳುವುದು ಕಾರ್ಡಿನೊಳಗಿನ ಗಡಿಯಾರ. ನನ್ನ ಹಳೇ ಕಾರ್ಡನ್ನು ಲ್ಯಾಪ್‌ಟಾಪಿನ ಇಂಟರ್ಫೇಸ್ (ಲ್ಯಾಪ್‌ಟಾಪಿಗೆ ಧ್ವನಿ ಕೊಡುವ ಪೆಟ್ಟಿಗೆ) ಹೇಳಿದಂತೆ ಕೇಳು ಅಂತ ಎಸ್‌ಪಿಡಿಐಎಫ್ ಅನ್ನುವ ಡಿಜಿಟಲ್ ಆಡಿಯೊ ಕೇಬಲ್‌ನಲ್ಲಿ ಜೋಡಿಸಿದ್ದೆ. ಹಿಂದಿನ ದಿನ ಯಾವುದೋ ಭಜನೆ ಸಿಡಿಗೆಂದು ಇಂಟರ್ಫೇಸನ್ನು 44,100ಕ್ಕೆ ಇಟ್ಟವನು ಹಾಗೇ ಮರೆತಿದ್ದೆ. ಡೆಸ್ಕ್‌ಟಾಪಿನ ಸಾಫ್ಟ್‌ವೇರಿನಲ್ಲಿ ಇದ್ದದ್ದು 48,000. ಕಾರ್ಡು ಅಳೆದದ್ದು 44,100 ಸಲ, ಫೈಲಿನ ಮೇಲೆ ಬರೆದದ್ದು 48,000 ಅಂತ. ಅಳತೆ ಒಂದು, ಚೀಟಿ ಇನ್ನೊಂದು. ಕೇಳಿಸುವಾಗ ಅದು ನೂರಕ್ಕೆ ಹೆಚ್ಚುಕಡಿಮೆ ಒಂಬತ್ತರಷ್ಟು ಜೋರಾಗಿ ಓಡಿತು, ಶ್ರುತಿಯೂ ಒಂದೂವರೆ ಮನೆ ಏರಿತು.

ಮತ್ತೆ ಹಾಡಿಸಬೇಕಾಗಲಿಲ್ಲ, ಅದೊಂದು ಪುಣ್ಯ. ಫೈಲಿನಲ್ಲಿ ಹಾಳಾದದ್ದು ಏನೂ ಇಲ್ಲ, ಚೀಟಿ ಬದಲಿಸಿದರೆ ಮುಗಿಯಿತು. ಆಡಾಸಿಟಿ ಅನ್ನುವ ಧ್ವನಿ ತಿದ್ದುವ ಸಾಫ್ಟ್‌ವೇರಿನಲ್ಲಿ ಟ್ರ್ಯಾಕಿನ ಮೆನು ತೆರೆದು ರೇಟ್ ಅನ್ನುವಲ್ಲಿ 44,100 ಆರಿಸಿದೆ. ಭಾಗವತರ ದನಿ ತನ್ನ ಜಾಗಕ್ಕೆ ಬಂತು. ಇಲ್ಲಿ ಪಿಚ್ ಇಳಿಸುವ ಎಫೆಕ್ಟ್ ಹಾಕಲು ಹೋಗಬೇಡಿ. ಸುಮ್ನೆ ದನಿ ಕೆಡುತ್ತದೆ.

ಅವತ್ತಿನಿಂದ ನನ್ನ ಕೋಣೆಯ ಕಾನೂನು ಒಂದೇ. ಹಿಮ್ಮೇಳದಲ್ಲಿ ಮದ್ದಳೆ, ಚಂಡೆ ಎಷ್ಟೇ ಇರಲಿ, ತಾಳ ಭಾಗವತರ ಕೈಯಲ್ಲಿ ಅಲ್ವಾ? ಹಾಗೆಯೇ ಲ್ಯಾಪ್‌ಟಾಪಿನ ಇಂಟರ್ಫೇಸ್ ಭಾಗವತ, ಉಳಿದವು ಅದರ ಹಿಂದೆ. ಕೆಲಸ ಏನೇ ಇರಲಿ, ಅದು 48,000ದಲ್ಲೇ ಇರುತ್ತದೆ. ಸಿಡಿ ಬೇಕೆಂದರೆ ಕೊನೆಯಲ್ಲಿ ಇಳಿಸಿಕೊಡುತ್ತೇನೆ. ಎಲೆಕ್ಟ್ರಾನಿಕ್ ವಾದ್ಯಗಳನ್ನು ಜೋಡಿಸುವ ಮಿಡಿ ಪದ್ಧತಿಯ ಕ್ಲಾಕ್ ಇದ್ದರೆ ಸಾಕಲ್ಲ ಅಂತ ಕೆಲವರು ಕೇಳುತ್ತಾರೆ. ಸಾಲದು. 1983ರಲ್ಲಿ ಬಂದ ಮಿಡಿ ಒಂದು ಮಾತ್ರೆಗೆ 24 ಸಲ ಮಿಡಿದು ಲಯ ಹೇಳುತ್ತದೆ ಅಷ್ಟೇ. ಸೆಕೆಂಡಿಗೆ ನಲವತ್ತೆಂಟು ಸಾವಿರ ಸಲ ಅಳೆಯುವುದಕ್ಕೂ ಅದಕ್ಕೂ ಸಂಬಂಧ ಇಲ್ಲ.

ಕೇಬಲ್ ಎಳೆಯಲು ಆಗದ ಕಡೆ ಇನ್ನೊಂದು ತೊಂದರೆ. ರಾತ್ರಿಯಿಡೀ ಯಕ್ಷಗಾನದ ಆಟ, ನನ್ನ ಲ್ಯಾಪ್‌ಟಾಪ್ ರಂಗಸ್ಥಳದ ಪಕ್ಕ, ಕ್ಯಾಮೆರಾ ಜನರ ಹಿಂದೆ. ಎರಡೂ 48,000ದಲ್ಲೇ ಇವೆ. ಆದರೂ ಎರಡು ಗಡಿಯಾರ ಪೂರ್ತಿ ಒಂದೇ ಹೊತ್ತು ತೋರಿಸುವುದಿಲ್ಲ. ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸ ಇದ್ದರೂ ಗಂಟೆಗೆ 0.18 ಸೆಕೆಂಡು. ಎಂಟು ಗಂಟೆಗೆ ಹತ್ತಿರ ಒಂದೂವರೆ ಸೆಕೆಂಡು. ಬೆಳಗಿನ ಜಾವ ವೇಷದ ಕಾಲು ಬಿದ್ದು ಎಷ್ಟೋ ಹೊತ್ತಿನ ಮೇಲೆ ಗೆಜ್ಜೆ ಕೇಳಿಸುತ್ತದೆ. ಇದಕ್ಕೆ ನನ್ನ ಉಪಾಯ: ಶುರುವಿಗೆ ಕ್ಯಾಮೆರಾಕ್ಕೆ ಕಾಣುವ ಹಾಗೆ ಒಂದು ತಾಳದ ಪೆಟ್ಟು, ಮಂಗಳ ಆದಮೇಲೆ ಇನ್ನೊಂದು. ಮನೆಗೆ ಬಂದು ಎರಡೂ ಪೆಟ್ಟು ಹೊಂದುವಷ್ಟು ಆಡಿಯೊ ಹಿಗ್ಗಿಸಿದರೆ ಇಲ್ಲವೇ ಕುಗ್ಗಿಸಿದರೆ ನಡುವಿನದು ತಾನಾಗೇ ಕೂರುತ್ತದೆ.

ಇದೇ ಆಟದ ರೆಕಾರ್ಡಿಂಗಿನಲ್ಲಿ ಬೀಳುವಂಥ ಇನ್ನೊಂದು ಹೊಂಡ ಇದೆ. ಧ್ವನಿ ಇಡುವ ಸಾಮಾನ್ಯ ವೇವ್ ಫೈಲು 4 ಜಿಬಿಗಿಂತ ದೊಡ್ಡದಾಗುವಂತಿಲ್ಲ. 24 ಬಿಟ್, 48,000ದ ಸ್ಟೀರಿಯೊ ಗಂಟೆಗೆ 1 ಜಿಬಿ ದಾಟುತ್ತದೆ. ಅಂದರೆ ನಾಲ್ಕು ಗಂಟೆ ಆಗುತ್ತಿದ್ದಂತೆ ಲೆಕ್ಕ ಮುಗಿಯಿತು. ಕೆಲವು ಸಾಫ್ಟ್‌ವೇರ್ ತಾನೇ ತುಂಡು ಮಾಡುತ್ತದೆ, ಕೆಲವು ಮಾಡುವುದಿಲ್ಲ. ನಿಮ್ಮದು ಯಾವ ಜಾತಿ ಅಂತ ಆಟದ ರಾತ್ರಿ ಪರೀಕ್ಷೆ ಮಾಡಬೇಡಿ.

ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಕೆಲಸ ಒಯ್ಯುವಾಗ ಪ್ರಾಜೆಕ್ಟ್ ಫೈಲನ್ನು ನಾನು ನಂಬುವುದಿಲ್ಲ. ಪ್ರತಿ ಟ್ರ್ಯಾಕನ್ನೂ ಸೊನ್ನೆ ಸೆಕೆಂಡಿನಿಂದಲೇ ಶುರುವಾಗುವ ವೇವ್ ಮಾಡಿ ಒಯ್ಯುತ್ತೇನೆ. ಚಂಡೆ ಹತ್ತನೇ ನಿಮಿಷಕ್ಕೆ ಬಂದರೂ ಮೊದಲ ಹತ್ತು ನಿಮಿಷದ ಮೌನ ಸಮೇತ. ಆಗ ಯಾವ ಸಾಫ್ಟ್‌ವೇರಿನಲ್ಲಿ ತೆರೆದರೂ ಎಲ್ಲವೂ ಜಾಗದಲ್ಲೇ ಇರುತ್ತವೆ. ಒಯ್ಯುವ ಡಿಸ್ಕಿನ ಫಾರ್ಮ್ಯಾಟ್ ಎಕ್ಸ್‌ಫ್ಯಾಟ್ ಇರಲಿ. ವಿಂಡೋಸಿನ ಎನ್‌ಟಿಎಫ್‌ಎಸ್ ಆದರೆ ಮ್ಯಾಕ್ ಓದುತ್ತದೆ, ಬರೆಯುವುದಿಲ್ಲ.

ಹೆಸರಿಡುವ ವಿಷಯ ಹೇಳದಿದ್ದರೆ ಆಗದು. ಒಮ್ಮೆ ಬ್ಯಾಕಪ್ ಡಬ್ಬಿಯಲ್ಲಿ 'ಜೋಡಾಟ' ಅನ್ನುವ ಫೋಲ್ಡರ್ ಎರಡು ಕಂಡವು. ಅಕ್ಷರ ಅಕ್ಷರ ಹೋಲಿಸಿದೆ, ಎರಡೂ ಒಂದೇ. ಒಂದೇ ಹೆಸರಿನವು ಎರಡು ಇರುವುದು ಹೇಗೆ? ಮ್ಯಾಕ್‌ನ ಹಳೇ ಡಿಸ್ಕ್ ಪದ್ಧತಿ ಓತ್ವವನ್ನು ಮೂರು ತುಂಡು ಮಾಡಿ ಬರೆದಿಡುತ್ತದೆ. ವಿಂಡೋಸಿನಲ್ಲಿ ಟೈಪ್ ಮಾಡಿದ್ದು ಒಂದೇ ತುಂಡು. ನಮ್ಮ ಕಣ್ಣಿಗೆ ಒಂದೇ, ಲಿನಕ್ಸಿಗೆ ಬೇರೆ ಬೇರೆ. ಕನ್ನಡದ ಮೇಲೆ ಅಭಿಮಾನ ಜಾಸ್ತಿಯೇ ಇದೆ, ಆದರೂ ಸ್ಟುಡಿಯೊದ ಫೈಲಿಗೆ ಈಗ ಇಂಗ್ಲಿಷ್ ಅಕ್ಷರ ಮತ್ತು ತಾರೀಖು ಮಾತ್ರ.

ನಾಲ್ಕು ಕಂಪ್ಯೂಟರ್ ಜೋಡಿಸಿದರೆ ಸ್ಪೀಕರಿನಲ್ಲಿ ಗುಂಯ್ ಅನ್ನುವ ಸದ್ದು ಗ್ಯಾರಂಟಿ. ಭೂಮಿಗೆ ಹೋಗುವ ದಾರಿ ಎರಡು ಮೂರಾಗಿ, ಅದರೊಳಗೆ ಕರೆಂಟು ಸುತ್ತು ಹೊಡೆಯುವುದರಿಂದ ಬರುವ ಸದ್ದು ಅದು. ಎಲ್ಲವನ್ನೂ ಒಂದೇ ಪ್ಲಗ್ ಪಾಯಿಂಟಿನಿಂದ, ಒಂದೇ ಸೈನ್ ವೇವ್ ಯುಪಿಎಸ್‌ನಿಂದ ತೆಗೆದುಕೊಂಡರೆ ಮುಕ್ಕಾಲು ಪಾಲು ಹೋಗುತ್ತದೆ. ಉಳಿದದ್ದಕ್ಕೆ, ತಂತಿ ನೇರ ತಾಗದೆ ಧ್ವನಿಯನ್ನಷ್ಟೇ ದಾಟಿಸುವ ಆಡಿಯೊ ಐಸೊಲೇಶನ್ ಟ್ರಾನ್ಸ್‌ಫಾರ್ಮರ್. ಪ್ಲಗ್ಗಿನ ಮೂರನೇ ಪಿನ್ ಕಿತ್ತರೆ ಸದ್ದು ನಿಲ್ಲುತ್ತದೆ ಅಂತ ಹೇಳುವವರಿದ್ದಾರೆ. ಸದ್ದೇನೋ ನಿಲ್ಲಬಹುದು, ಮೈಕ್ ಹಿಡಿದವರ ಜೀವಕ್ಕೆ ಅಪಾಯ. ಅದರ ಬದಲು ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಗೆ ಎರಡು ಕೊಡ ನೀರು ಹಾಕಿ. ನಮ್ಮ ಜಂಬಿಟ್ಟಿಗೆ ನೆಲ ಒಣಗಿದರೆ ಅರ್ಥಿಂಗ್ ಇದ್ದೂ ಇಲ್ಲದ ಹಾಗೆ.

ಮಳೆಗಾಲದಲ್ಲಿ ಯಾವ ಕಂಪ್ಯೂಟರನ್ನೂ ವಾರಗಟ್ಟಲೆ ಮುಚ್ಚಿಡಬೇಡಿ. ದಿನಾ ಒಂದು ಗಂಟೆ ಓಡಿದರೆ ಒಳಗಿನ ತೇವ ಅದರ ಬಿಸಿಗೇ ಆರುತ್ತದೆ. ದೇವಿಮನೆ ಘಟ್ಟ ಇಳಿದರೆ, ಕುಮಟಾ, ಅಂಕೋಲಾ, ಕಾರವಾರದ ಕಡೆ, ಉಪ್ಪುಗಾಳಿಯ ಕಾಟ ಬೇರೆ. ಅಲ್ಲಿನವರು ಜ್ಯಾಕುಗಳಿಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆಯುವುದನ್ನು ಅಭ್ಯಾಸ ಮಾಡಿಕೊಳ್ಳುವುದು ಒಳ್ಳೆಯದು. ಗುಡುಗು ಕೇಳಿಸಿತು ಅಂದರೆ ಬರೀ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕಿತ್ತಿಡಿ. ಬ್ರಾಡ್‌ಬ್ಯಾಂಡಿನ ತಾಮ್ರದ ತಂತಿಯನ್ನೂ. ನನ್ನ ಒಂದು ಮದರ್‌ಬೋರ್ಡ್ ಹೋದದ್ದು ಆ ತಂತಿಯಿಂದಲೇ.

ಹಾಗೆ ಪ್ಲಗ್ ಕಿತ್ತಿಟ್ಟಾಗ ಹಳೇ ಡೆಸ್ಕ್‌ಟಾಪಿನ ತಾರೀಖು ಒಂದು ಸಲ 2002ರ ಜನವರಿ 1ಕ್ಕೆ ಹೋಯಿತು. ನಾನು ನೋಡಲೇ ಇಲ್ಲ. ಮಾರನೇ ದಿನದ ರೆಕಾರ್ಡಿಂಗ್ ಫೋಲ್ಡರಿನ ತಳದಲ್ಲೆಲ್ಲೋ ಹೋಗಿ ಕುಳಿತಿತ್ತು, ಅರ್ಧ ದಿನ ಹುಡುಕಿದೆ. ಮದರ್‌ಬೋರ್ಡಿನ ಮೇಲಿನ ಬಿಲ್ಲೆಯಂಥ ಸಿಆರ್2032 ಸೆಲ್ ಸತ್ತಿತ್ತು. ಈಗ ಹಾರ್ಮೋನಿಯಂ ಪೆಟ್ಟಿಗೆಯ ಒಳಗೆ ಎರಡು ಸೆಲ್ ಹೆಚ್ಚಿಗೇ ಇಟ್ಟಿದ್ದೇನೆ.