ಕಣ್ಣು ಚೆನ್ನಾಗಿಯೇ ಕಾಣುತ್ತಿದೆ, ರೆಟಿನಾ ಫೋಟೊ ಯಾಕೆ?

ಪ್ರಶ್ನೆ: ನನಗೆ ಸಕ್ಕರೆ ಕಾಯಿಲೆ ಇದೆ. ದೂರದ್ದು, ಹತ್ತಿರದ್ದು ಎಲ್ಲ ಸ್ಪಷ್ಟವಾಗಿ ಕಾಣುತ್ತದೆ. ಆದರೂ ವರ್ಷಕ್ಕೊಮ್ಮೆ ರೆಟಿನಾ ಫೋಟೊ ತೆಗೆಸಬೇಕೇ? ಡ್ರಾಪ್ಸ್ ಹಾಕದೆ ತೆಗೆದದ್ದು ಸಾಕೇ?

ಉತ್ತರ: ತೆಗೆಸಬೇಕು. ಬೋರ್ಡಿನ ಅಕ್ಷರ ಓದಿಸುವ ಪರೀಕ್ಷೆ ಮುಖ್ಯವಾಗಿ ಅಳೆಯುವುದು ಕಣ್ಣಿನ ಹಿಂಭಾಗದಲ್ಲಿ ಬೆಳಕು ಗ್ರಹಿಸುವ ಪರದೆಯಾದ ರೆಟಿನಾದ ನಟ್ಟನಡುವಿನ ಮ್ಯಾಕುಲಾ ಎಂಬ ಪುಟ್ಟ ಜಾಗದ ಕೆಲಸವನ್ನು. ಸಕ್ಕರೆ ಕಾಯಿಲೆಯಿಂದ ಸುತ್ತಲಿನ ರಕ್ತನಾಳಗಳು ಹಾಳಾಗುತ್ತಿದ್ದರೂ ಮ್ಯಾಕುಲಾಕ್ಕೆ ತಟ್ಟುವ ತನಕ ಕೊನೆಯ ಸಾಲನ್ನೂ ಸಲೀಸಾಗಿ ಓದಬಹುದು. ನೋವಿರುವುದಿಲ್ಲ, ಕಣ್ಣು ಕೆಂಪಾಗುವುದೂ ಇಲ್ಲ.

ಫೋಟೊದಲ್ಲಿ ಮೊದಲು ಹುಡುಕುವುದು ಸೂಜಿಮೊನೆಯಷ್ಟು ಕೆಂಪು ಚುಕ್ಕೆಗಳನ್ನು. ಅತಿ ಸಣ್ಣ ರಕ್ತನಾಳದ ಗೋಡೆ ದುರ್ಬಲವಾಗಿ ಉಬ್ಬಿದ ಜಾಗಗಳವು. ಮುಂದೆ ಅವು ಸೋರತೊಡಗಿದರೆ ರಕ್ತದ ಕಲೆಗಳು, ಅಂಚು ಸ್ಪಷ್ಟವಾಗಿರುವ ಹಳದಿ ಕೊಬ್ಬಿನ ಕಣಗಳು ಕಾಣುತ್ತವೆ. ಬಣ್ಣದ ಚಿತ್ರದಲ್ಲಿ ಕೆಂಪು ಹಿನ್ನೆಲೆಯ ಮೇಲಿನ ಕೆಂಪು ಚುಕ್ಕೆ ಸುಲಭವಾಗಿ ಕಣ್ತಪ್ಪುತ್ತದೆ. ಹಾಗಾಗಿ ಅನುಭವಿಗಳು ಅದೇ ಚಿತ್ರವನ್ನು ಹಸಿರು ಬೆಳಕಿನಲ್ಲಿ ಇನ್ನೊಮ್ಮೆ ನೋಡುತ್ತಾರೆ. ರಕ್ತ ಹಸಿರನ್ನು ಹೀರಿಕೊಳ್ಳುವುದರಿಂದ ಚುಕ್ಕೆ ಕಪ್ಪಾಗಿ ಎದ್ದು ಕಾಣುತ್ತದೆ.

ಇನ್ನು ಪಾಪೆ ಹಿಗ್ಗಿಸುವ ಡ್ರಾಪ್ಸ್. ಈಗಿನ ಬಹಳಷ್ಟು ಕ್ಯಾಮೆರಾಗಳು ಕಣ್ಣಿಗೆ ಕಾಣದ ಇನ್ಫ್ರಾರೆಡ್ ಬೆಳಕಿನಲ್ಲಿ ಫೋಕಸ್ ಮಾಡಿಕೊಂಡು ಕೊನೆಗೆ ಒಮ್ಮೆ ಫ್ಲ್ಯಾಶ್ ಹಾಕುತ್ತವೆ. ಕತ್ತಲೆ ಕೋಣೆಯಲ್ಲಿ ಕೂತರೆ ಪಾಪೆ ತಾನಾಗಿ ಹಿಗ್ಗುತ್ತದೆ. ಸಾಮಾನ್ಯವಾಗಿ ಪ್ರತಿ ಕಣ್ಣಿಗೆ 45 ಡಿಗ್ರಿ ವ್ಯಾಪ್ತಿಯ ಎರಡು ಚಿತ್ರ: ಒಂದಕ್ಕೆ ಮ್ಯಾಕುಲಾ ನಡು, ಇನ್ನೊಂದಕ್ಕೆ ನರದ ಬಿಲ್ಲೆ (ಕಣ್ಣಿನ ನರ ರೆಟಿನಾಕ್ಕೆ ಸೇರುವ ದುಂಡನೆಯ ಜಾಗ) ನಡು. ಒಂದು ಕಣ್ಣಿಗೆ ಫ್ಲ್ಯಾಶ್ ಬಿದ್ದರೆ ಎರಡೂ ಪಾಪೆಗಳು ಕುಗ್ಗುತ್ತವೆ. ಕೆಲವು ನಿಮಿಷ ಕಾಯದೆ ಮುಂದಿನ ಚಿತ್ರ ತೆಗೆದರೆ ಅದರ ಅಂಚು ಕಪ್ಪಾಗುತ್ತದೆ. ಅವಸರದ ಶಿಬಿರಗಳಲ್ಲಿ ಎರಡನೇ ಕಣ್ಣಿನ ಫೋಟೊ ಕೆಡುವುದು ಹೆಚ್ಚಾಗಿ ಇದರಿಂದಲೇ.

ವಯಸ್ಸಾದವರಲ್ಲಿ, ಬಹುಕಾಲದಿಂದ ಸಕ್ಕರೆ ಕಾಯಿಲೆ ಇರುವವರಲ್ಲಿ ಪಾಪೆ ಕತ್ತಲಲ್ಲೂ ಸಾಕಷ್ಟು ಹಿಗ್ಗುವುದಿಲ್ಲ. ಅಂಥವರಿಗೆ ಟ್ರೋಪಿಕಮೈಡ್ ಹನಿ ಬೇಕು. 15–20 ನಿಮಿಷದಲ್ಲಿ ಪಾಪೆ ಹಿಗ್ಗುತ್ತದೆ. ಆಮೇಲೆ ನಾಲ್ಕರಿಂದ ಆರು ಗಂಟೆ ಹತ್ತಿರದ್ದು ಮಸುಕು, ಬೆಳಕು ಚುಚ್ಚುತ್ತದೆ, ವಾಹನ ಓಡಿಸಬೇಡಿ. ಕಣ್ಣಿನ ಒತ್ತಡದ ತೊಂದರೆ ಇದ್ದರೆ ಹನಿ ಹಾಕುವ ಮೊದಲೇ ಹೇಳಿ. ಪೊರೆ ದಟ್ಟವಾಗಿದ್ದರೆ ಹನಿ ಹಾಕಿದರೂ ಚಿತ್ರ ಮಂಜಾಗಿಯೇ ಬರುತ್ತದೆ.

ಹನಿ ಇಲ್ಲದೆಯೂ ಚಿತ್ರ ಸ್ಪಷ್ಟವಾಗಿ ಬಂದಿದ್ದರೆ ಮೊದಲ ಹಂತದ ತಪಾಸಣೆಗೆ ಸಾಕು. ವರದಿಯಲ್ಲಿ ‘ಚಿತ್ರ ಓದಲಾಗಲಿಲ್ಲ’ ಎಂದಿದ್ದರೆ ಮಾತ್ರ ಅದನ್ನು ‘ತೊಂದರೆ ಇಲ್ಲ’ ಎಂದುಕೊಳ್ಳಬೇಡಿ. ಹನಿ ಹಾಕಿಸಿ ಮತ್ತೆ ತೆಗೆಸಿ, ಇಲ್ಲವೇ ವೈದ್ಯರಿಂದಲೇ ರೆಟಿನಾ ನೋಡಿಸಿ. ಫೋಟೊ ನೋಡಿ ತಾನೇ ತೀರ್ಪು ಹೇಳುವ ಕಂಪ್ಯೂಟರ್ ತಂತ್ರಾಂಶಗಳಿಗೂ ಇದೇ ಮಾತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ಅನುಮತಿಸಿದ ಇಂಥ ಮೊದಲ ತಂತ್ರಾಂಶ ಉತ್ತರಿಸುವುದು ಒಂದೇ ಪ್ರಶ್ನೆಗೆ: ಮಧುಮೇಹದಿಂದಾದ ಹಾನಿ ಅಲ್ಪ ಹಂತವನ್ನು ದಾಟಿದೆಯೇ? ಕಣ್ಣಿನ ನರ ಹಾಳಾಗುವ ಗ್ಲಾಕೊಮಾ ಇದೆಯೇ ಎಂದು ಅದು ಹೇಳುವುದಿಲ್ಲ.

ಚಪ್ಪಟೆ ಚಿತ್ರಕ್ಕೆ ಇನ್ನೊಂದು ಮಿತಿಯಿದೆ. ಮ್ಯಾಕುಲಾದಲ್ಲಿ ನೀರು ತುಂಬಿ ಊದಿಕೊಂಡಿದ್ದರೆ ಆ ದಪ್ಪವನ್ನು ಅದು ಅಳೆಯಲಾರದು. ನಡುಭಾಗದ ಹತ್ತಿರ ಹಳದಿ ಕಣಗಳು ಕಂಡರೆ ರೆಟಿನಾದ ಪದರಗಳ ದಪ್ಪವನ್ನು ಬೆಳಕಿನಿಂದ ಅಳೆಯುವ ಓಸಿಟಿ ಸ್ಕ್ಯಾನ್ ಮಾಡಿಸಬೇಕು.

ಟೈಪ್ 2 ಆದರೆ ಕಾಯಿಲೆ ಗೊತ್ತಾದ ಕೂಡಲೇ ಮೊದಲ ಫೋಟೊ ಆಗಬೇಕು, ಏಕೆಂದರೆ ಅದು ಎಷ್ಟು ವರ್ಷದಿಂದ ಒಳಗಿತ್ತೋ ತಿಳಿಯದು. ಟೈಪ್ 1 ಆದರೆ ಐದು ವರ್ಷದೊಳಗೆ. ಮೊದಲೇ ಸಕ್ಕರೆ ಕಾಯಿಲೆ ಇದ್ದು ಗರ್ಭಿಣಿಯಾದವರು ಮೊದಲ ಮೂರು ತಿಂಗಳಲ್ಲೇ ತೋರಿಸಬೇಕು. ಕಣ್ಣೆದುರು ಏಕಾಏಕಿ ಕಪ್ಪು ಚುಕ್ಕೆಗಳು ತೇಲತೊಡಗಿದರೆ, ಪರದೆ ಇಳಿದಂತಾದರೆ ವಾರ್ಷಿಕ ಫೋಟೊಗೆ ಕಾಯಬೇಡಿ, ಅಂದೇ ರೆಟಿನಾ ತಜ್ಞರನ್ನು ಕಾಣಿ.