ಪದ ಪರಿಚಯ: ಪ್ರೈಜ್

ವಿಲ್ಕಿ ಕಾಲಿನ್ಸ್‌ನ ಪತ್ತೇದಾರಿ ಕಾದಂಬರಿ ‘ದಿ ಮೂನ್‌ಸ್ಟೋನ್’ (1868) ಶುರುವಾಗುವುದು ನಮ್ಮ ಶ್ರೀರಂಗಪಟ್ಟಣದಲ್ಲಿ, 1799ರ ಮೇ 4ರಂದು ಕೋಟೆ ಬಿದ್ದಾಗ. ಹರ್ನ್‌ಕಾಸಲ್ ಎಂಬ ಬ್ರಿಟಿಷ್ ಅಧಿಕಾರಿ ಟಿಪ್ಪುವಿನ ಆಯುಧಶಾಲೆಯಲ್ಲಿ ಮೂವರನ್ನು ಕೊಂದು ಒಂದು ವಜ್ರ ಹೊಡೆಯುತ್ತಾನೆ. ಕದ್ದು ಸಿಕ್ಕಿಬಿದ್ದರೆ ನೇಣು ಎಂದು ದಾಳಿಯ ಮುಂದಾಳು ಜನರಲ್ ಬೇರ್ಡ್ ಸಾರಿಸುತ್ತಾನೆ. ಊರನ್ನೇ ದೋಚಿದ ಸೈನ್ಯದಲ್ಲಿ ಒಬ್ಬನದು ಮಾತ್ರ ಕಳವು ಹೇಗಾಯಿತು? ‘ಪ್ರೈಜ್’ ಏನೆಂದು ತಿಳಿದರೆ ಇದು ಅರ್ಥವಾಗುತ್ತದೆ.

ಪ್ರೈಜ್ ಎಂದರೆ ಯುದ್ಧದಲ್ಲಿ ಗೆದ್ದ ಊರಿನ ಸೊತ್ತು. ಕಾನೂನಿನ ಪ್ರಕಾರ ಅದು ಬ್ರಿಟಿಷ್ ದೊರೆಯದು. ಸೈನ್ಯಕ್ಕೆ ಸಿಗುವುದು ಅವನ ಕೃಪೆಯಿಂದ. ಅದನ್ನು ಒಟ್ಟುಮಾಡಲು ಪ್ರೈಜ್ ಏಜೆಂಟರು ಇರುತ್ತಿದ್ದರು. ಅವರು ಖಜಾನೆಗೆ ಕಾವಲು ಹಾಕಿಸಿ, ನಾಣ್ಯ ಎಣಿಸಿ, ಒಡವೆಗೆ ಬೆಲೆ ಕಟ್ಟಿಸಿ, ಉಳಿದದ್ದನ್ನು ಹರಾಜು ಹಾಕಿ, ಬಂದ ಹಣವನ್ನು ಹುದ್ದೆಗೆ ತಕ್ಕಂತೆ ಹಂಚಬೇಕು. ಶ್ರೀರಂಗಪಟ್ಟಣದ ಗಂಟು 11,43,216 ಪೌಂಡು. ಅದರಲ್ಲಿ ಎಂಟನೇ ಒಂದು ಪಾಲು, ಅಂದರೆ 1,42,902 ಪೌಂಡು, ಸೇನಾಪತಿ ಹ್ಯಾರಿಸ್ ಒಬ್ಬನಿಗೇ ಹೋಯಿತು. ಗೋರಾ ಸೋಲ್ಜರನಿಗೆ ಸಿಕ್ಕಿದ್ದು ಕೆಲವೇ ಪೌಂಡು, ದೇಶೀ ಸಿಪಾಯಿಗೆ ಇನ್ನೂ ಕಡಿಮೆ. ಹ್ಯಾರಿಸ್ ಹೆಚ್ಚು ಹೊಡೆದ ಎಂದು ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರೇ ತಗಾದೆ ತೆಗೆದರು. ವ್ಯಾಜ್ಯ ದೊರೆಯ ಸಲಹಾಮಂಡಳಿಯಾದ ಪ್ರಿವಿ ಕೌನ್ಸಿಲ್‌ವರೆಗೆ ಹೋಗಿ ಅವನೇ ಗೆದ್ದ.

ಈ ಏರ್ಪಾಡು ಕೆಡುತ್ತಿದ್ದುದು ಮೊದಲ ರಾತ್ರಿಯೇ. ಕೋಟೆ ಬಿದ್ದದ್ದು ಮಧ್ಯಾಹ್ನ, ಬೆಳಗಾಗುವಷ್ಟರಲ್ಲಿ ದೋಚದೆ ಬಿಟ್ಟ ಮನೆ ಇರಲಿಲ್ಲವೆನ್ನಬೇಕು. ಮೇ 5ರಂದು ಅಧಿಕಾರ ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿ ನೇಣು ಹಾಕಿಸಿ, ಚಾಟಿ ಬೀಸಿಸಿ ಊರನ್ನು ಹತೋಟಿಗೆ ತಂದ. ಪಾಲು ಸಣ್ಣದೆಂದು ಗೊತ್ತಿದ್ದ ಸೋಲ್ಜರು ಕೈಗೆ ಸಿಕ್ಕಿದ್ದನ್ನು ಏಜೆಂಟರಿಗೆ ಯಾಕೆ ಒಪ್ಪಿಸಿಯಾನು?

ಲೆಕ್ಕಬದ್ಧವಾಗಿ ನಡೆದದ್ದಾದರೂ ಮೇಲೇನಲ್ಲ. ಮರದ ಮೇಲೆ ಚಿನ್ನದ ತಗಡು ಹೊದಿಸಿದ್ದ ಟಿಪ್ಪುವಿನ ಸಿಂಹಾಸನ ಇಡಿಯಾಗಿದ್ದರೆ ಪಾಲಾಗುವುದಿಲ್ಲವಲ್ಲ! ಏಜೆಂಟರು ಅದನ್ನು ಒಡೆಸಿದರು. ದೊರೆಗೆ ಹಾಗೇ ಕಳಿಸಬೇಕೆಂದಿದ್ದ ಗವರ್ನರ್ ಜನರಲ್‌ಗೆ ಸುದ್ದಿ ತಲುಪುವಷ್ಟರಲ್ಲಿ ಕೆಲಸ ಮುಗಿದಿತ್ತು. ಸ್ಫಟಿಕದ ಹಲ್ಲು, ಸ್ಫಟಿಕದ ಕಣ್ಣಿನ ಅದರ ಹುಲಿಮುಖ ಇಂದು ವಿಂಡ್ಸರ್ ಅರಮನೆಯ ಸಂಗ್ರಹದಲ್ಲಿದೆ.

ಇದನ್ನೆಲ್ಲ ಮನಸ್ಸಿನಲ್ಲಿಟ್ಟು ಓದಿದರೆ ಕಾದಂಬರಿಯ ಪಾಪಪ್ರಜ್ಞೆ ಬೇರೆಯೇ ಕಾಣುತ್ತದೆ. ಹರ್ನ್‌ಕಾಸಲ್ ಆ ವಜ್ರವನ್ನು ಏಜೆಂಟರ ಮೇಜಿನ ಮೇಲಿಟ್ಟಿದ್ದರೆ ಅದು ಪ್ರೈಜ್ ಆಗುತ್ತಿತ್ತು, ಅವನಿಗೂ ಪಾಲು ಬರುತ್ತಿತ್ತು. ಅದನ್ನು ಕಾಯುತ್ತಿದ್ದ ಬ್ರಾಹ್ಮಣರ ಹಕ್ಕಿಗೆ ಮಾತ್ರ ಆ ಲೆಕ್ಕದಲ್ಲಿ ಕಾಲಮ್ಮೇ ಇಲ್ಲ. ಕೊಲೆಯ ವಿಷಯದಲ್ಲೂ ದೂರು ಕೊಡಲು ಅದೇ ಸೈನ್ಯದಲ್ಲಿದ್ದ ಅವನ ದಾಯಾದಿಯ ಬಳಿ ಸಾಕ್ಷಿಯಿಲ್ಲ. ಹಾಗಾಗಿ ಆ ದಾಯಾದಿ ತಾನು ಕಂಡದ್ದನ್ನು ಮನೆಯವರಿಗಾಗಿ ಬರೆದಿಡುತ್ತಾನೆ, ಕಾದಂಬರಿ ತೆರೆಯುವುದು ಆ ಬರಹದಿಂದ.