ಡಿಕ್ಷನರಿ ಅರ್ಥವೇ ಮಕ್ಕಳಿಗೆ ತಿಳಿಯದಿದ್ದರೆ?

ಪ್ರಶ್ನೆ: ಮಗಳು ಐದನೇತ್ತಾ ಓದಾಕತ್ತಾಳ್ರಿ. ಇಂಗ್ಲಿಷ್ ಶಬ್ದದ ಅರ್ಥ ಡಿಕ್ಷನರ್ಯಾಗ ನೋಡಿದ್ರ, ಆ ಅರ್ಥಕ್ಕ ಮತ್ತೊಂದು ಡಿಕ್ಷನರಿ ಬೇಕಾಗತೈತಿ. ಸಣ್ಣ ಹುಡುಗರಿಗೆ ಹೆಂಗ ಹೇಳಬೇಕ್ರಿ?
– ಪಾಲಕರೊಬ್ಬರು, ಸಿಂದಗಿ, ವಿಜಯಪುರ ಜಿಲ್ಲೆ

ಉತ್ತರ: ನಿಮ್ಮ ಮನೆಯಲ್ಲಿರುವುದು ದೊಡ್ಡವರ ಡಿಕ್ಷನರಿ ಇರಬೇಕು. ಅಂಥದರಲ್ಲಿ ‘ಲ್ಯಾಡರ್’ (ನಿಚ್ಚಣಿಕೆ) ಹುಡುಕಿದರೆ ‘ರಂಗ್’ (ಅದರ ಅಡ್ಡ ಮೆಟ್ಟಿಲು) ಎಂಬ ಶಬ್ದ ಎದುರಾಗುತ್ತದೆ. ಲ್ಯಾಡರ್ ಗೊತ್ತಿಲ್ಲದ ಹುಡುಗಿಗೆ ರಂಗ್ ಎಲ್ಲಿಂದ ಗೊತ್ತಿರಬೇಕು? ಅರ್ಥ ಹೇಳುವ ಶಬ್ದಗಳು ಕೇಳಿದ ಶಬ್ದಕ್ಕಿಂತ ಸುಲಭ ಇರಬೇಕು.

ಇದನ್ನು ಪಟ್ಟು ಹಿಡಿದು ಮಾಡಿ ತೋರಿಸಿದವರು ಮೈಕೇಲ್ ವೆಸ್ಟ್. ಬ್ರಿಟಿಷರ ಕಾಲದ ಬಂಗಾಳದಲ್ಲಿ ಶಿಕ್ಷಣ ಇಲಾಖೆಯಲ್ಲಿದ್ದವರು. ಜೇಮ್ಸ್ ಎಂಡಿಕಾಟ್ ಜೊತೆ ಅವರು 1935ರಲ್ಲಿ ತಂದ ಡಿಕ್ಷನರಿಯಲ್ಲಿ ಎಲ್ಲ ಅರ್ಥಗಳನ್ನೂ ಬರೆದದ್ದು ಬರೀ 1,490 ಶಬ್ದಗಳಲ್ಲಿ. 1978ರ ಲಾಂಗ್‌ಮನ್ ಡಿಕ್ಷನರಿ ಸುಮಾರು 2,000 ಶಬ್ದಗಳಲ್ಲಿ ಇದೇ ಕೆಲಸ ಮಾಡಿತು.

ಮನೆಯಲ್ಲಿ ನೀವು ಅರ್ಥ ಹೇಳುವಾಗ ಮೊದಲು ಆ ವಸ್ತುವಿನ ಕೆಲಸ ಏನೆಂದು ಹೇಳಿ. ಲ್ಯಾಡರ್‌ಗೆ ‘ಯು ಕ್ಲೈಂಬ್ ಇಟ್ ಟು ಗೋ ಅಪ್’ ಅನ್ನಿ. ಹುಡುಗಿ ಚುರುಕಿದ್ದರೆ, ಗೋಳಗುಮ್ಮಟದಲ್ಲಿ ನಾವು ಹತ್ತಿದ್ದೂ ಲ್ಯಾಡರೇನು ಎಂದು ಕೇಳುತ್ತಾಳೆ. ಕೇಳಲಿ. ಅಲ್ಲಿಯದು ಮಿನಾರದೊಳಗೆ ಕಟ್ಟಿಬಿಟ್ಟ ಪಾವಟಿಗೆ. ಹಿತ್ತಲಿನ ನಿಚ್ಚಣಿಕೆಯನ್ನಾದರೆ ಎತ್ತಿಕೊಂಡು ಹೋಗಿ ಇನ್ನೊಂದು ಗೋಡೆಗೆ ಆನಿಸಬಹುದು. ಹಾಗಾದರೆ ‘ಯು ಕ್ಯಾನ್ ಕ್ಯಾರಿ ಇಟ್’ ಎಂದು ಸೇರಿಸಿ. ಸ್ಟೆಪ್ಸ್ ಹೊರಗೆ ಬಿತ್ತು, ಲ್ಯಾಡರ್ ಉಳಿಯಿತು. ಹತ್ತಿರದ ವಸ್ತುವಿನಿಂದ ಬೇರೆ ಮಾಡುವ ಇಂಥ ಒಂದು ಮಾತು ಸಿಕ್ಕರೆ ಸಾಕು, ಮಿಕ್ಕ ವಿವರ ಬೇಡ.

ಕ್ರಿಯಾಪದಗಳಿಗೆ ‘ಇಫ್ ಯು’ ಎಂದು ಶುರುಮಾಡಿದರೆ ಸಲೀಸು: ‘ಇಫ್ ಯು ಬಾರೋ ಎ ಪೆನ್, ಯು ಟೇಕ್ ಇಟ್ ನೌ ಅಂಡ್ ಗಿವ್ ಇಟ್ ಬ್ಯಾಕ್ ಲೇಟರ್.’ ಹೀಗೆ ಪೂರ್ತಿ ವಾಕ್ಯದಲ್ಲೇ ಅರ್ಥ ಹೇಳುವುದು 1987ರ ಕೋಬಿಲ್ಡ್ ಡಿಕ್ಷನರಿಯ ಪದ್ಧತಿ. ಬಾರೋ ಮತ್ತು ಲೆಂಡ್ ನಡುವೆ ದೊಡ್ಡವರೂ ಎಡವುತ್ತಾರೆ, ಯಾಕೆಂದರೆ ನಮಗೆ ಎರಡೂ ‘ಕಡ’ವೇ. ಪೆನ್ನು ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬುದನ್ನು ಕೊಟ್ಟು, ಇಸಗೊಂಡು ತೋರಿಸಿ.

ಬದನೆಕಾಯಿಗೆಲ್ಲ ಅರ್ಥ ಬರೆಸುತ್ತ ಕೂಡಬೇಡಿ, ಸಂತೆಯ ಚೀಲದಿಂದ ತೆಗೆದು ಕೈಗೆ ಕೊಟ್ಟರಾಯಿತು. ‘ಜೆಲಸ್’, ‘ಆನೆಸ್ಟ್’ ಅಂಥವನ್ನು ಸೀದಾ ಕನ್ನಡದಲ್ಲೇ ಹೇಳಿಬಿಡಿ. ಎಲ್ಲವನ್ನೂ ಇಂಗ್ಲಿಷಿನಲ್ಲೇ ಹೇಳಬೇಕೆಂಬ ಹಟ ಕೆಲವರಿಗಿದೆ, ನನಗದು ಒಪ್ಪಿಗೆಯಿಲ್ಲ.

ಇನ್ನು, ಹತ್ತತ್ತು ಸಲ ಬರೆಸುವುದನ್ನು ಬಿಡಿ. ಮರುದಿನ ಅರ್ಥವನ್ನಷ್ಟೇ ಹೇಳಿ, ಯಾವ ಶಬ್ದ ಎಂದು ಕೇಳಿ. ಆಮೇಲೆ ಅರ್ಥ ಅವಳು ಹೇಳಲಿ, ಶಬ್ದ ನೀವು ಹುಡುಕಿ.